ಹಚ್ಚದ ಸಿಗರೇಟು

ಮಗುವಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಹೊತ್ತುಕೊಂಡು ಓಡಿದ ದಿನ ಡಾಕ್ಟರಮ್ಮ ನಮ್ಮನ್ನು ಕೇಳಿದ್ದು ಒಂದೇ ಮಾತು.

"ಮನೇಲಿ ಸಿಗರೇಟು ಸೇದೋರು ಯಾರು?"

ಸೊಸೆಯ ಕಣ್ಣು, ಮೊಮ್ಮಗಳ ಕಣ್ಣು, ನನ್ನ ಕಣ್ಣು ಮೂರೂ ಒಂದೇ ಕಡೆ ಹೋದವು. ನನ್ನ ಮಗ ಬಾಗಿಲ ಹತ್ತಿರ ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಅವನ ಕೈ ಅಂಗಿಯ ಜೇಬಿಗೆ ಹೋಯಿತು.

"ನಾನು ಯಾವತ್ತೂ ಆಚೆ ನಿಂತೇ ಸೇದೋದು ಡಾಕ್ಟ್ರೇ. ಮನೆಯೊಳಗೆ ಒಂದು ಸಲಾನೂ ಇಲ್ಲ."

"ಆಚೆ ಸೇದ್ತೀರಿ, ಒಳಗೆ ಬಂದು ಮಗು ಎತ್ಕೋತೀರಿ. ಹೊಗೆ ಏನು ಚಪ್ಪಲೀನಾ, ಬಾಗಿಲಲ್ಲಿ ಬಿಟ್ಟು ಬರೋಕೆ? ಅಂಗಿಯಲ್ಲಿ ಬರುತ್ತೆ, ಮೀಸೆಯಲ್ಲಿ ಬರುತ್ತೆ. ಇದರ ಶ್ವಾಸಕೋಶ ನಿಮ್ಮ ಹೆಬ್ಬೆರಳಷ್ಟಿದೆ."

ಮಗುವಿನ ಮೂಗಿಗೆ ಮದ್ದಿನ ಆವಿಯ ಮಾಸ್ಕು ಕಟ್ಟಿದ್ದರು. ಅದು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿತ್ತು. ದುಂಡಗೆ ಇದ್ದದ್ದಕ್ಕೆ ಬಟಾಣಿ ಅಂತ ಕರೆಯುತ್ತಿದ್ದೆವು. ನನ್ನ ಮೊಮ್ಮಗಳ ಮಗಳು. ಮೊಮ್ಮಗಳ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು. ಹೋದರೆ ವಾರಗಟ್ಟಲೆ ಬರುವುದಿಲ್ಲ. ಹೆರಿಗೆಗೆ ಅಂತ ಬಂದವಳು ನಮ್ಮಲ್ಲೇ ಉಳಿದಿದ್ದಳು. ಎರಡು ಕೋಣೆಯ ಮನೆಯಲ್ಲಿ ನಾಲ್ಕು ತಲೆಮಾರು.

ದಾರಿಯಲ್ಲಿ ಮೊಮ್ಮಗಳು ಅಪ್ಪನಿಗೆ ಹೇಳಿದಳು. ಜೋರಾಗಿ ಹೇಳಲಿಲ್ಲ, ಅದಕ್ಕೇ ನಮಗೆಲ್ಲ ಹೆದರಿಕೆಯಾಯಿತು.

"ಅಪ್ಪ, ಇವತ್ತಿಂದ ಒಂದೂ ಇಲ್ಲ. ಇನ್ನೊಂದು ಸಲ ನಿನ್ನ ಕೈಯಲ್ಲಿ ನೋಡಿದ್ರೆ ನಾನು ಬಟಾಣಿನ ಎತ್ಕೊಂಡು ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯ?"

"ನಮ್ಮನೆಯವರ ಅಕ್ಕನ ಮನೆಗೆ. ಹೊಲಿಗೆ ಅಂಗಡಿ ಹಿಂದೆ ಒಂದು ಕೋಣೆ ಖಾಲಿ ಇದೆ ಅಂತ ಕರೀತಾನೇ ಇದ್ದಾರೆ."

"ಆ ಗಾಳಿ ಬೆಳಕಿಲ್ಲದ ಗೂಡಿಗಾ?"

"ಗಾಳಿ ಇಲ್ಲದಿದ್ರೂ ಪರವಾಗಿಲ್ಲ, ಹೊಗೆ ಇಲ್ಲವಲ್ಲ."

ಮಗ ಜೇಬಿನಿಂದ ಪೊಟ್ಟಣ ತೆಗೆದು ಚರಂಡಿಗೆ ಎಸೆದ. ಸೊಸೆ ನಡೆಯುವುದನ್ನು ನಿಲ್ಲಿಸದೆ, "ಬೆಂಕಿಪೊಟ್ಟಣ ಇಟ್ಕೊಳ್ಳಿ, ಒಲೆಗೆ ಬೇಕು" ಅಂದಳು.

ಅವನ ಮೀಸೆ ಸರಿಯಾಗಿ ಮೂಡುವುದಕ್ಕೆ ಮುಂಚೆಯೇ ಬೆರಳು ಹಳದಿಯಾಗಿತ್ತು. ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಕೆಲಸಕ್ಕೆ ಸೇರಿದ್ದು ಆಗಲೇ. ಅಪ್ಪ ಸತ್ತಾಗ ಸೇದಿದ, ಮದುವೆಯಾದಾಗ ಸೇದಿದ, ಮಗಳು ಹುಟ್ಟಿದಾಗ ಆಸ್ಪತ್ರೆಯ ಗೋಡೆಗೆ ಒರಗಿ ಸೇದಿದ. ಮನೆಯಲ್ಲಿ ಮಾತು ಬೆಳೆದರೆ ಎದ್ದು ಆಚೆ ಹೋಗುವುದು, ಒಂದು ಸಿಗರೇಟು ಮುಗಿಯುವ ಹೊತ್ತಿಗೆ ಒಳಗೆ ಬರುವುದು. ಅಷ್ಟರಲ್ಲಿ ಸೊಸೆಯ ಸಿಟ್ಟೂ ಇಳಿದಿರುತ್ತಿತ್ತು. ಹಾಗೇ ಸಂಸಾರ ನಡೆದಿತ್ತು.

ಬಿಟ್ಟ ಮೊದಲ ವಾರ ಅವನು ಎದ್ದು ಹೋಗುವ ಜಾಗವೇ ಇಲ್ಲದೆ ಮನೆಯೊಳಗೇ ಉಳಿದ. ಆಸ್ಪತ್ರೆಯ ನರ್ಸು ಹೇಳಿದ್ದಳಂತೆ, ಬಾಯಿಗೊಂದು ಕೆಲಸ ಕೊಡಿ, ಕೈಗೊಂದು ಕೆಲಸ ಕೊಡಿ, ಆಸೆ ಬಂದಾಗ ನೀರು ಕುಡಿಯಿರಿ, ನಡೆಯಿರಿ ಅಂತ. ಬಾಯಿಗೆ ಪೆಪ್ಪರ್‌ಮೆಂಟು ಹಾಕಿದ. ಹಲ್ಲು ನೋವು ಬಂತು. ಆಮೇಲೆ ಏಲಕ್ಕಿ, ಲವಂಗ, ಹಸಿ ಕ್ಯಾರೆಟ್ಟು.

"ಸಾರಿಗೆ ತಂದ ಕ್ಯಾರೆಟ್ ಎಲ್ಲಿ?" ಅಂತ ಸೊಸೆ ಬುಟ್ಟಿ ತಡಕಾಡಿದಳು.

"ತಿಂದೆ."

"ಎಲ್ಲಾನೂವಾ? ಮನೇಲಿ ಮೊಲ ಸಾಕಿದ ಹಾಗಾಯ್ತು."

"ಮೊಲಕ್ಕಾದ್ರೆ ಬೈಯೋರಿಲ್ಲ."

"ಮೊಲ ತಿಂದು ಸುಮ್ಮನಿರುತ್ತೆ. ನಿಮ್ಮ ಹಾಗೆ ಗುರ್ ಅನ್ನಲ್ಲ."

ಕೈಯ ಕೆಲಸಕ್ಕೆ ಅವನು ಲಾಂಡ್ರಿಯಿಂದ ಹುರಿ ತಂದ. ಲಾಡ್ಜುಗಳಿಂದ, ಆಸ್ಪತ್ರೆಗಳಿಂದ ಮಾಸಿದ ಹಾಸಿಗೆ ಬಟ್ಟೆಯ ಗಂಟು ಬರುತ್ತದಲ್ಲ, ಅದನ್ನು ಕಟ್ಟಿದ ಹುರಿಯನ್ನು ಕತ್ತರಿಸಿ ಎಸೆಯುತ್ತಾರೆ. ಅದನ್ನೆಲ್ಲ ಚೀಲ ತುಂಬ ತಂದು, ಕೂತು, ಒಂದೊಂದೇ ಗಂಟು ಬಿಡಿಸಿ ಉಂಡೆ ಸುತ್ತುವುದು. ಬಿಗಿದ ಗಂಟನ್ನು ಉಗುರಿನಲ್ಲಿ ಬಿಡಿಸುತ್ತಾ ಕೂತರೆ ಬೆರಳಿಗೆ ಬೇರೇನೂ ನೆನಪಾಗುವುದಿಲ್ಲ ಅಂತ ನನ್ನ ಹತ್ತಿರ ಹೇಳಿದ. ಕಿಟಕಿಯ ಕಟ್ಟೆ ತುಂಬಾ ಹುರಿಯುಂಡೆ. ಬಟಾಣಿ ಅದನ್ನು ಉರುಳಿಸಿಕೊಂಡು ಮಂಚದ ಕೆಳಗೆ ಹೋಗುತ್ತಿದ್ದಳು, ಇವನು ಅವಳ ಹಿಂದೆ ಮೊಣಕಾಲಲ್ಲಿ.

ಸಂಜೆ ನಡೆಯಲು ಹೋಗುತ್ತಿದ್ದ. ಅದಕ್ಕೂ ಜಗಳ. ನಲ್ಲಿಯಲ್ಲಿ ನೀರು ಬರುವುದೂ ಅದೇ ಹೊತ್ತಿಗೆ.

"ನಡೀಬೇಕಾದ್ರೆ ನಲ್ಲೀವರೆಗೆ ನಡೀರಿ, ಕೊಡ ಹಿಡ್ಕೊಂಡು" ಅಂದಳು ಸೊಸೆ. "ಆರೋಗ್ಯಕ್ಕೆ ಆರೋಗ್ಯ, ನೀರಿಗೆ ನೀರು."

ಅವನು ಹಾಗೇ ಮಾಡಿದ. ಬೀದಿಯ ತುದಿಯ ನಲ್ಲಿಯಿಂದ ಎರಡೆರಡು ಕೊಡ ತಂದು ತುಂಬಿಸಿ, ಮತ್ತೂ ಹೋಗುವೆ ಅಂದ. ತುಂಬಿಸಲು ಪಾತ್ರೆ ಉಳಿದಿರಲಿಲ್ಲ.

ಮೂರನೆಯ ವಾರವೋ ಏನೋ, ಅವನ ನಾಲಿಗೆ, ಮೂಗು ಎಚ್ಚರವಾದವು. ಅದು ಒಳ್ಳೆಯದೇ ಅಂತ ನರ್ಸು ಹೇಳಿದ್ದಳಂತೆ. ನಮ್ಮ ಪಾಲಿಗೆ ಒಳ್ಳೆಯದಾಗಲಿಲ್ಲ. ಮೊದಲ ತುತ್ತಿಗೇ ತಟ್ಟೆ ತಳ್ಳಿದ.

"ಏನಿದು, ಉಪ್ಪಿನ ಮೂಟೆ ಬಿದ್ದಿದೆಯಾ ಇದರಲ್ಲಿ?"

"ಯಾವಾಗಲೂ ಹಾಕೋ ಅಷ್ಟೇ ಹಾಕಿದ್ದು."

"ಇಷ್ಟು ಯಾರು ತಿಂತಾರೆ?"

"ನೀವೇ. ಮದುವೆಯಾದ ದಿನದಿಂದ. ಸಪ್ಪೆ ಸಪ್ಪೆ ಅಂತ ಬೈದು ಬೈದು ನೀವೇ ಹಾಕಿಸಿದ್ದು. ನಿಮ್ಮಿಂದ ಅತ್ತೆಯೂ ನಾನೂ ಉಪ್ಪು ತಿಂದು ತಿಂದು ಬಾಯಿ ಕೆಡಿಸ್ಕೊಂಡ್ವಿ. ಈಗ ನಿಮಗೆ ನಾಲಿಗೆ ಬಂತು ಅಂತ ನಮ್ಮದನ್ನೂ ತಿರುಗಿಸ್ಬೇಕಾ?"

ಇನ್ನೊಂದು ದಿನ ಬಾಗಿಲಲ್ಲೇ ನಿಂತು, "ಈ ಮನೆ ಇಷ್ಟು ನಾರುತ್ತಾ? ಒದ್ದೆ ಗೋಣಿಚೀಲದ ಹಾಗೆ" ಅಂದ. ಸೊಸೆ ನೆಲ ಒರೆಸುತ್ತಿದ್ದವಳು ಬಟ್ಟೆಯನ್ನು ಬಕೆಟ್ಟಿಗೆ ಬಿಸಾಕಿ ಅಡುಗೆಮನೆಗೆ ಹೋದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅವನ ಒಳಗಿನ ಸಂಕಟವೆಲ್ಲ ಅವಳ ಮೇಲೆ ಬೀಳುತ್ತಿತ್ತು. ಒಂದು ದಿನ ತಡೆಯಲಾರದೆ ಅವಳೇ ಅಂದಳು, "ಅತ್ತೆ, ಸೇದೋ ಗಂಡನ ಜೊತೆ ಇಷ್ಟು ವರ್ಷ ಬದುಕಿದೆ. ಸೇದದಿರೋನ ಜೊತೆ ಒಂದು ತಿಂಗಳು ಆಗ್ತಿಲ್ಲ."

"ತಾಳು," ಅಂದೆ. "ಮಗು ಕೆಮ್ಮಿಲ್ಲ ನೋಡು, ಇಷ್ಟು ದಿನ."

ಅದು ನಿಜ. ಬಟಾಣಿ ಕೆಮ್ಮಿರಲಿಲ್ಲ. ಮೊಮ್ಮಗಳು ಸಂಜೆ ಅಪ್ಪ ಬಂದ ಕೂಡಲೆ ಅವನ ಕೈ ಮೂಸುತ್ತಿದ್ದಳು, ಆಮೇಲೆ ಭುಜದ ಹತ್ತಿರ ಅಂಗಿ. ಅವನು ಶಾಲೆಯ ಹುಡುಗನ ಹಾಗೆ ಕೈ ಚಾಚಿ ನಿಲ್ಲುತ್ತಿದ್ದ.

"ಅಂಗೀಲಿ ವಾಸನೆ ಇದೆ ಅಪ್ಪ."

"ಅಲ್ಲಿ ಎಲ್ಲರೂ ಸೇದ್ತಾರೆ. ಹತ್ತುತ್ತೆ."

"ಕೈಯಲ್ಲಿಲ್ಲ." ಆಗ ನಗುತ್ತಿದ್ದಳು. "ಸ್ನಾನ ಮಾಡು, ಆಮೇಲೆ ಕೊಡ್ತೀನಿ ಬಟಾಣಿನ."

ಒಂದು ದಿನ ಅವನು ಊಟದ ಡಬ್ಬಿ ಮರೆತು ಹೋದ. ಸೊಸೆ ಬಟ್ಟೆ ನೆನೆಹಾಕಿದ್ದಳು, ಹಾಗಾಗಿ ನಾನೇ ಒಯ್ದೆ. ಲಾಂಡ್ರಿಯ ಒಳಗೆ ಕಾಲಿಟ್ಟರೆ ಬಿಸಿ ಹಬೆ ಮುಖಕ್ಕೆ ಒದ್ದೆ ಕಂಬಳಿಯ ಹಾಗೆ ಬೀಳುತ್ತದೆ. ಒಂದು ಸಾಲಿನಲ್ಲಿ ಹೆಂಗಸರು ಬಿಳಿ ಹಾಸುಗಳನ್ನು ಇಬ್ಬಿಬ್ಬರಾಗಿ ಹಿಡಿದು ಮಡಿಸುತ್ತಿದ್ದರು. ಇನ್ನೊಂದು ಕಡೆ ಇಸ್ತ್ರಿ ಯಂತ್ರಗಳು. ಮೇಲಿನ ಹಲಗೆ ಇಳಿಯುತ್ತದೆ, ಉಸ್ ಅನ್ನುತ್ತದೆ, ಏಳುತ್ತದೆ. ನನ್ನ ಮಗನ ಯಂತ್ರದ ಮುಂದೆ ಯಾರೂ ಇರಲಿಲ್ಲ. "ಹಿತ್ತಲಲ್ಲಿದ್ದಾನೆ, ಹೋಗಮ್ಮ" ಅಂದಳು ಮಡಿಸುವ ಹೆಂಗಸರಲ್ಲಿ ಹಿರಿಯಳು. ಅವಳನ್ನು ಎಲ್ಲರೂ ದೊಡ್ಡಕ್ಕ ಅಂತಾರೆ.

ಹಿತ್ತಲಲ್ಲಿ ಗೋಡೆಯ ನೆರಳಿಗೆ ಗಂಡಸರು ಸಾಲಾಗಿ ನಿಂತಿದ್ದರು. ಅವರ ನಡುವೆ ನನ್ನ ಮಗ, ಬೆರಳ ಸಂದಿಯಲ್ಲಿ ಸಿಗರೇಟು. ಹತ್ತಿರ ಹೋದೆ. ಸಿಗರೇಟು ಹಚ್ಚಿರಲಿಲ್ಲ. ಅದು ಎಷ್ಟು ದಿನದ್ದೋ, ಕಾಗದ ಬೆವರಿಗೆ ಕಂದಿ, ನಡುವೆ ಬಾಗಿ, ತುದಿಯಲ್ಲಿ ಪುಡಿ ಉದುರುತ್ತಿತ್ತು.

"ಏನೋ ಇದು?"

ಪಕ್ಕದವನು ನಕ್ಕ. "ಅಮ್ಮ, ನಿಮ್ಮ ಮಗ ಇದನ್ನ ಸೇದಲ್ಲ, ಸಾಕ್ತಿದ್ದಾನೆ."

ಮಗ ನನ್ನನ್ನು ಬದಿಗೆ ಕರೆದ. ಸಂಗತಿ ಇಷ್ಟು. ಆ ಲಾಂಡ್ರಿಯಲ್ಲಿ ಊಟದ ಹೊತ್ತು ಬಿಟ್ಟರೆ ಬಿಡುವು ಅನ್ನುವುದು ಇಲ್ಲ. ಆದರೆ ಸೇದುವವರು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹಿತ್ತಲಿಗೆ ಹೋಗಬಹುದು. ಯಾರೋ ಮಾಡಿದ ನಿಯಮವಲ್ಲ, ಹಾಗೇ ನಡೆದು ಬಂದದ್ದು. ಸೇದದವರಿಗೆ ಹಿತ್ತಲಿಲ್ಲ. ಮೇಸ್ತ್ರಿ ಕೆಟ್ಟವನಲ್ಲ, ಅವನೂ ಸೇದುವವನೇ. ಸೇದುವವನ ಸಂಕಟ ಅವನಿಗೆ ಗೊತ್ತು, ಸೇದದವನ ಸಂಕಟ ಗೊತ್ತಿಲ್ಲ. ಬಿಟ್ಟ ಮೊದಲ ದಿನ ನನ್ನ ಮಗ ಏಲಕ್ಕಿ ಅಗಿಯುತ್ತಾ ಹಿತ್ತಲಿಗೆ ಬಂದಿದ್ದಕ್ಕೆ ಮೇಸ್ತ್ರಿ ಕೇಳಿದನಂತೆ, "ಏಲಕ್ಕಿ ಅಗಿಯೋಕೆ ಹಿತ್ತಲು ಯಾಕೆ? ಯಂತ್ರದ ಮುಂದೆ ನಿಂತು ಅಗಿ."

"ಬೆಳಿಗ್ಗೆಯಿಂದ ಆ ಹಬೆಯ ಮುಂದೆ ನಿಂತ್ರೆ ತಲೆ ತಿರುಗುತ್ತಮ್ಮ," ಅಂದ ಮಗ. "ಒಂದು ಗಳಿಗೆ ಗಾಳಿ ಬೇಕು. ಅದಕ್ಕೇ ಇವರ ಹತ್ತಿರ ಒಂದು ಇಸ್ಕೊಂಡೆ. ಇದು ಕೈಯಲ್ಲಿದ್ರೆ ಯಾರೂ ಏನೂ ಕೇಳಲ್ಲ."

"ಮನೇಲಿ ಹೇಳಿದ್ದೀಯಾ?"

"ಏನಂತ ಹೇಳ್ಲಿ? ಸಿಗರೇಟು ಹಿಡ್ಕೋತೀನಿ, ಸೇದಲ್ಲ ಅಂತಲಾ? ನಿನಗೇ ನಗು ಬರ್ತಿದೆ."

ನನಗೆ ನಗು ಬಂದಿರಲಿಲ್ಲ. "ಹೇಳಿಬಿಡು ಮಗಾ. ನೀನಾಗಿ ಹೇಳಿದ್ರೆ ಒಂದು, ಅವಳಾಗಿ ನೋಡಿದ್ರೆ ಇನ್ನೊಂದು."

"ಬಟಾಣಿ ಗಟ್ಟಿಯಾಗ್ಲಿ, ಆಮೇಲೆ ಹೇಳ್ತೀನಿ."

ಅವನು ಹೇಳಲಿಲ್ಲ. ಅದೇ ವಾರ ಮೊಮ್ಮಗಳು ಮಗುವಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಯಾವಾಗಲೂ ಹೋಗುವ ರಸ್ತೆ ಅಗೆದಿದ್ದರು ಅಂತ ಬಸ್ಸು ಲಾಂಡ್ರಿಯ ಹಿಂದಿನ ಬೀದಿಗೆ ತಿರುಗಿ, ಅಲ್ಲಿ ಇನ್ನೊಂದು ಗಾಡಿಗೆ ದಾರಿ ಬಿಡಲು ನಿಂತಿತು. ಕಿಟಕಿಯಿಂದ ಹಿತ್ತಲು ನೇರವಾಗಿ ಕಾಣುತ್ತಿತ್ತು.

ಆ ಸಂಜೆ ಮಗ ಬಂದು ಕೈಚಾಚಿ ನಿಂತ. ಅವಳು ಮೂಸಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಗೋಡೆಯ ಕಡೆ ತಿರುಗಿದಳು.

"ಏನಾಯ್ತು?"

"ನೋಡಿದೆ ಅಪ್ಪ."

"ಏನು ನೋಡಿದೆ?"

"ಅದನ್ನೂ ನಾನೇ ಹೇಳ್ಬೇಕಾ?"

ಅವನಿಗೆ ಅರ್ಥವಾಯಿತು. ಎಲ್ಲವನ್ನೂ ಹೇಳಿದ. ಮೇಸ್ತ್ರಿ, ಏಲಕ್ಕಿ, ಗಾಳಿ ಎಲ್ಲ. ಸೊಸೆ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಸುಳ್ಳು ಹೇಳೋದಾದ್ರೆ ನಂಬೋ ಹಂಗಾದ್ರೂ ಹೇಳ್ರಿ. ಸಿಗರೇಟು ಹಿಡ್ಕೊಂಡು ಸುಮ್ಮನೆ ನಿಂತಿರ್ತೀರಾ? ಹಾಲು ಮುಂದಿಟ್ಕೊಂಡು ಬೆಕ್ಕು ಕಣ್ಣು ಮುಚ್ಚಿ ಕೂತಿತ್ತು ಅಂದ್ರೆ ಯಾರು ನಂಬ್ತಾರೆ?"

"ಇರು, ತೋರಿಸ್ತೀನಿ." ಅವನು ಒಳಜೇಬಿಗೆ ಕೈ ಹಾಕಿ ಆ ಬಾಗಿದ ಸಿಗರೇಟು ತೆಗೆದ. ಅಂಗೈ ಮೇಲೆ ಇಟ್ಟು ಮಗಳ ಮುಂದೆ ಹಿಡಿದ. "ನೋಡು, ಹಚ್ಚಿದ್ದೀನಾ? ಎಷ್ಟು ದಿನದಿಂದ ಇದೇ ಒಂದು."

ಮೊಮ್ಮಗಳು ಅದನ್ನು ನೋಡಿದಳು. ಅವಳ ಮುಖ ಕಪ್ಪಿಟ್ಟಿತು.

"ಮನೆಗೂ ತರ್ತಿದ್ದೀಯಾ? ಇದನ್ನ ಎದೆಗೆ ಇಟ್ಕೊಂಡು ಬಟಾಣಿನ ಎತ್ಕೋತಿದ್ದೆಯಾ?"

"ಇದು ಹಚ್ಚಿಲ್ಲ ಕಣೇ..."

"ನಾಳೆ ಹಚ್ಚೋದಕ್ಕೆ ಇಟ್ಟಿದ್ದು."

ನಾನು ಬಾಯಿ ಹಾಕಿದೆ. "ನಾನೇ ಕಣ್ಣಾರೆ ನೋಡಿದ್ದೀನಿ ಮಗಳೇ. ಡಬ್ಬಿ ಕೊಡೋಕೆ ಹೋದಾಗ. ಅವನು ಸುಮ್ಮನೆ ಹಿಡ್ಕೊಂಡು ನಿಂತಿದ್ದ."

"ಹೆತ್ತವರಿಗೆ ಹೆಗ್ಗಣ ಮುದ್ದು ಅಜ್ಜಿ. ನಿನ್ನ ಮಗ ಮನೆಗೆ ಬೆಂಕಿ ಇಟ್ರೂ ದೀಪ ಹಚ್ಚಿದ ಅಂತೀಯ."

ಮಗ ನಿಂತಲ್ಲೇ ನಿಂತಿದ್ದ. ಮೊದಲಾದರೆ ಇಂಥ ಹೊತ್ತಿಗೆ ಎದ್ದು ಆಚೆ ಹೋಗುತ್ತಿದ್ದ. ಈಗ ಆಚೆ ಹೋದರೂ ತಪ್ಪು ಅಂತ ಗೊತ್ತಾಗಿ ಹೋಗಲಿಲ್ಲ. ಅಂಗೈ ಮುಷ್ಟಿ ಕಟ್ಟಿ ಸಿಗರೇಟನ್ನು ಪುಡಿ ಮಾಡಿದ. ಪುಡಿ ನೆಲಕ್ಕೆ ಬಿತ್ತು. ಮಗು ಇಳಿದು ಮುಟ್ಟೀತು ಅಂತ ಸೊಸೆ ಒದ್ದೆ ಬಟ್ಟೆ ತಂದು ಒರೆಸಿದಳು. ಆ ಸಂಜೆ ಊಟಕ್ಕೆ ಯಾರೂ ಯಾರನ್ನೂ ಕರೆಯಲಿಲ್ಲ.

ಅಲ್ಲಿಗೇ ನಿಂತಿದ್ದರೆ ದಿನ ಕಳೆದ ಹಾಗೆ ತಣ್ಣಗಾಗುತ್ತಿತ್ತೋ ಏನೋ. ಆದರೆ ಎರಡು ದಿನ ಬಿಟ್ಟು ಬೆಳಿಗ್ಗೆ ಬಟಾಣಿಗೆ ಮತ್ತೆ ಉಸಿರು ಎಳೆಯತೊಡಗಿತು. ಪಕ್ಕೆಲುಬು ಒಳಗೆ ಹೊರಗೆ ಆಡುವುದು ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಈ ಸಲ ಬೇರೆ ಡಾಕ್ಟರು. ಹವೆ ತಣ್ಣಗಾಗಿದೆ, ರಸ್ತೆ ಅಗೆದ ಧೂಳೂ ಇದೆ, ಯಾವುದರಿಂದ ಅಂತ ಹೇಳೋಕಾಗಲ್ಲ ಅಂದರು. ಮೊಮ್ಮಗಳು ಕೇಳಿಸಿಕೊಂಡಳು, ಆದರೆ ಒಳಗೆ ಇಳಿಸಿಕೊಳ್ಳಲಿಲ್ಲ. ಮನೆಗೆ ಬಂದು ಚೀಲ ತುಂಬಿದಳು. ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಮೂಸಿ ಮೂಸಿ ಇಡುತ್ತಿದ್ದಳು.

"ಅವನು ಕೆಲಸದಿಂದ ಬರೋವರೆಗಾದ್ರೂ ಇರು," ಅಂದೆ.

"ಬಂದ್ರೆ ಹೋಗೋಕಾಗಲ್ಲ ಅಜ್ಜಿ. ಅದಕ್ಕೇ ಈಗ ಹೋಗ್ತಿರೋದು."

ಸೊಸೆ ತಡೆಯಲಿಲ್ಲ. ಡಬ್ಬಿಗೆ ಬೇಯಿಸಿದ ಮೊಟ್ಟೆ, ರೊಟ್ಟಿ ಹಾಕಿ ಕೊಟ್ಟಳು. ಬಸ್ಸಿನವರೆಗೆ ಮಗುವನ್ನು ತಾನೇ ಎತ್ತಿಕೊಂಡು ಹೋದಳು. ವಾಪಸು ಬಂದು ಅಭ್ಯಾಸಬಲದಿಂದ ಎಲ್ಲರ ಲೆಕ್ಕಕ್ಕೇ ಅಕ್ಕಿ ತೊಳೆದಳು.

ಮಗ ಬಂದ. ಕಾಲು ತೊಳೆದ. ಕೋಣೆಯೊಳಗೆ ಇಣುಕಿ ನೋಡಿದ. ತಟ್ಟೆಯ ಮುಂದೆ ಕೂತ.

"ಈಗ ಇನ್ಯಾರ ಹಂಗು?" ಅಂದಳು ಸೊಸೆ. "ಆರಾಮಾಗಿ ಸೇದ್ಕೊಳ್ಳಿ. ಮನೆಯೊಳಗೇ ಸೇದಿ. ಬೇಕಾದ್ರೆ ನಾನೇ ಹಚ್ಚಿ ಕೊಡ್ತೀನಿ."

ಅವನು ಅನ್ನಕ್ಕೆ ಸಾರು ಹಾಕಿಸಿಕೊಂಡು ಉಂಡ.

ಆಮೇಲಿನ ವಾರಗಳು ಹೇಗಿದ್ದವು ಅಂದರೆ, ಮನೆಯಲ್ಲಿ ಮಾತು ಅನ್ನುವುದು ಪಾತ್ರೆಯ ಸದ್ದಿನಲ್ಲಿ ಮಾತ್ರ. ಸೊಸೆ ಲೋಟ ಕುಕ್ಕಿದರೆ ಚಹಾ ಆಯಿತು ಅಂತ, ಅವನು ಬಕೆಟ್ಟು ಎತ್ತಿದರೆ ನೀರಿಗೆ ಹೊರಟ ಅಂತ. ಹುರಿಯುಂಡೆಗಳನ್ನು ಸೊಸೆ ಒಂದು ಗೋಣಿಗೆ ತುಂಬಿ ಮೂಲೆಗಿಟ್ಟಳು. ಅವನು ಹೊಸದು ಸುತ್ತಲಿಲ್ಲ. ಸಂಜೆ ಬಂದವನು ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಿದ್ದ. ಪಾದ ಊದಿರುತ್ತಿತ್ತು, ಬೆರಳಿನಲ್ಲಿ ಒತ್ತಿದರೆ ಕುಳಿ ಬೀಳುವಷ್ಟು.

"ಏನೋ ಇದು, ಕಾಲು?" ಅಂದೆ.

"ನಿಂತು ನಿಂತು."

"ಮೊದಲೂ ನಿಲ್ತಿದ್ದೆಯಲ್ಲ."

"ವಯಸ್ಸಾಯ್ತಲ್ಲಮ್ಮ."

"ನನ್ನೆದುರಿಗೆ ವಯಸ್ಸಿನ ಮಾತಾಡ್ಬೇಡ," ಅಂದೆ. ಅವನು ನಗಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಬೋಗುಣಿಯಲ್ಲಿ ಕಾಲು ಇಡಿಸಿದೆ.

ಬಟ್ಟೆ ಒಗೆಯುವುದು ಸೊಸೆ. ಒಂದು ಬೆಳಿಗ್ಗೆ ಅವಳು ಅವನ ಅಂಗಿಯನ್ನು ನೀರಿಗೆ ಹಾಕದೆ ಮೂಗಿಗೆ ಹಿಡಿದು ನಿಂತಿದ್ದಳು. ಕಂಕುಳು, ಕಾಲರು, ಜೇಬು.

"ಅತ್ತೆ, ನೀವು ಸ್ವಲ್ಪ ನೋಡಿ. ನನ್ನ ಮೂಗೇ ಕೆಟ್ಟಿದೆಯೋ ಏನೋ."

ನೋಡಿದೆ. ಬೆವರು, ಸಾಬೂನು, ಸುಟ್ಟ ಗಂಜಿಯ ವಾಸನೆ. ಮೊದಲು ಹಿತ್ತಲಿನ ಹೊಗೆ ಹತ್ತಿರುತ್ತಿತ್ತಲ್ಲ, ಅದೂ ಇರಲಿಲ್ಲ.

ಅವಳು ಮಗಳಿಗೆ ಫೋನು ಮಾಡಿದಳು. "ಅಂಗೀಲಿ ವಾಸನೆ ಇಲ್ಲ ಕಣೇ. ನಾಲ್ಕೈದು ದಿನದಿಂದ ನೋಡ್ತಿದ್ದೀನಿ."

ಆ ಕಡೆಯ ಮಾತು ನನಗೂ ಕೇಳುವಷ್ಟಿತ್ತು. "ಸೇದೋವಾಗ ಬೇರೆ ಅಂಗಿ ಹಾಕ್ಕೋತಿರ್ತಾನೆ ಅಮ್ಮ. ಲಾಂಡ್ರೀಲಿ ಬಟ್ಟೆಗೇನು ಬರ?"

ಸೊಸೆ ಫೋನು ಇಟ್ಟಳು. "ಅವಳು ಹೇಳೋದೂ ಇರಬಹುದು," ಅಂದಳು. ಆದರೆ ಆ ಅಂಗಿಯನ್ನು ಉಜ್ಜುವಾಗ ಎಂದಿನಂತೆ ಬಡಿಯಲಿಲ್ಲ.

ಅದು ಆಗಿ ಹೆಚ್ಚು ದಿನವಾಗಿರಲಿಲ್ಲ. ಮಧ್ಯಾಹ್ನ ನಾನು ಬೇಳೆ ಆರಿಸುತ್ತಾ ಕೂತಿದ್ದೆ. ಬಾಗಿಲಲ್ಲಿ ಆಟೋ ನಿಂತಿತು. ಮೇಸ್ತ್ರಿ ನನ್ನ ಮಗನನ್ನು ಹಿಡಿದು ಇಳಿಸುತ್ತಿದ್ದ. ಬಲಗೈ ಮೊಣಕೈಯಿಂದ ಬೆರಳವರೆಗೆ ಬಿಳಿ ಪಟ್ಟಿ. ಯಂತ್ರದ ಹಲಗೆ ಇಳಿಯುವ ಹೊತ್ತಿಗೆ ಕಣ್ಣು ಕತ್ತಲೆ ಬಂದು ಮುಂದಕ್ಕೆ ವಾಲಿದನಂತೆ. ಕೈ ಒಳಗೆ ಸಿಕ್ಕಿತು. ಪಕ್ಕದವನು ಯಂತ್ರ ನಿಲ್ಲಿಸಿದ್ದರಿಂದ ಮೂಳೆ ಉಳಿಯಿತು, ಚರ್ಮ ಉಳಿಯಲಿಲ್ಲ.

ಸೊಸೆ ಹಾಸಿಗೆ ಕೊಡವಿ ಹಾಸಿದಳು. ದಿಂಬಿಗೆ ಒಗೆದ ಬಟ್ಟೆ ಹಾಕಿದಳು. ಮೇಸ್ತ್ರಿಗೆ, "ನೀರು ಕುಡೀತೀರಾ?" ಅಂತ ಕೇಳಿದಳು. ಅವನು ಹೋದ ಮೇಲೆ ಗಂಡನ ಪಕ್ಕ ಕೂತು ಎಡಗೈ ಹಿಡಿದುಕೊಂಡಳು. ಅವರು ಹಾಗೆ ಕೂತದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಬೇಳೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮಾರನೆಯ ದಿನ ಮೊಮ್ಮಗಳು ಬಂದಳು. ಬಟಾಣಿ ಅವಳ ಸೆರಗಿನ ಹಿಂದೆ. ಮಗು ಸ್ವಲ್ಪ ಇಳಿದಿತ್ತು, ದುಂಡು ಹೋಗಿತ್ತು. ಅಜ್ಜನನ್ನು ನೋಡಿತು, ಪಟ್ಟಿಯನ್ನು ನೋಡಿತು, ಹತ್ತಿರ ಹೋಗಲಿಲ್ಲ. ಮಗ ಕೈಯನ್ನು ಹೊದಿಕೆಯ ಕೆಳಗೆ ಸರಿಸಿಕೊಂಡ.

"ನೋವಿದೆಯಾ ಅಪ್ಪ?"

"ಅಷ್ಟೇನಿಲ್ಲ."

"ಊಟ?"

"ನಿಮ್ಮಮ್ಮ ತಿನ್ನಿಸ್ತಾಳೆ."

"ಚಿಕ್ಕ ಮಗು ನೋಡು," ಅಂದಳು ಸೊಸೆ. "ಬಾಯಿ ತೆಗೀರಿ ಅಂದ್ರೆ ನಾಚ್ಕೋತಾರೆ."

ಆ ಹೊತ್ತಿಗೆ ಲಾಂಡ್ರಿಯ ದೊಡ್ಡಕ್ಕ ಬಂದಳು. ನಿನ್ನೆ ಅಲ್ಲೇ ಉಳಿದಿದ್ದ ಇವನ ಚಪ್ಪಲಿ, ಊಟದ ಡಬ್ಬಿ ತಂದಿದ್ದಳು. ಡಬ್ಬಿ ತೊಳೆದೇ ತಂದಿದ್ದಳು. ಬಾಗಿಲ ಹತ್ತಿರ ಕೂತು ಬೆವರೊರೆಸಿಕೊಂಡು ನೇರವಾಗಿ ನನ್ನ ಮಗನಿಗೇ ಬೈಯತೊಡಗಿದಳು.

"ನಿನಗೆ ಎಷ್ಟು ಸಲ ಹೇಳಿದೆ? ಒಂದು ಗಳಿಗೆ ಹಿತ್ತಲಿಗೆ ಹೋಗು ಅಂತ. ಮೊದಲಿನ ಹಾಗೆ ಆ ಹಾಳು ಸಿಗರೇಟು ಹಿಡ್ಕೊಂಡು ನಿಂತ್ಕೋ, ಹಚ್ಚದಿದ್ರೆ ಯಾರು ಕೇಳ್ತಾರೆ ಅಂತ. ಕೇಳಿದೆಯಾ?" ಮೊಮ್ಮಗಳ ಕಡೆ ತಿರುಗಿದಳು. "ನೀನೇ ಮಗಳಾ? ನಿಮ್ಮಪ್ಪನಿಗೆ ಬುದ್ಧಿ ಹೇಳು ತಾಯಿ. ನಾವು ಹೆಂಗಸ್ರು ಹೇಗೋ ಒಬ್ಬರಿಗೊಬ್ಬರು ಕೈ ಬದಲಾಯಿಸ್ಕೊಂಡು ಕೂರ್ತೀವಿ. ಈ ಮಹಾರಾಯ ಒಂದು ತಿಂಗಳಿಂದ ಬೆಳಿಗ್ಗೆ ನಿಂತ್ರೆ ಸಂಜೆವರೆಗೂ ಹಬೆ ಮುಂದೆ. ಮೇಸ್ತ್ರೀನ ಕೇಳೂ ಕೇಳಿದ, ಸೇದದವನಿಗೂ ಬಿಡುವು ಕೊಡಿ ಅಂತ. ನಿನಗೆ ಕೊಟ್ರೆ ಈ ಹೆಂಗಸ್ರೆಲ್ಲ ಕೇಳ್ತಾರೆ ಅಂದ ಅವನು. ಕೇಳ್ತೀವಿ, ಯಾಕೆ ಕೇಳಬಾರದು? ಇವನು ಹೋಗಿ ಯಂತ್ರದ ಮುಂದೆ ನಿಂತ."

ಮೊಮ್ಮಗಳು ನಿಧಾನವಾಗಿ ಕೇಳಿದಳು. "ಹಚ್ತಿರ್ಲಿಲ್ವಾ ಅಕ್ಕ, ಅದನ್ನ?"

"ಯಾವುದನ್ನ? ಆ ಕೊಳೆತ ಸಿಗರೇಟನ್ನಾ? ಅದನ್ನ ಹಚ್ಚಿದ್ರೂ ಹತ್ತುತ್ತಿರಲಿಲ್ಲ. ಇಡೀ ಲಾಂಡ್ರಿ ನಗಾಡ್ತಿತ್ತು." ದೊಡ್ಡಕ್ಕ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಸೊಸೆ ಕೊಟ್ಟ ಚಹಾ ಅರ್ಧ ಕುಡಿದು, ಕೆಲಸಕ್ಕೆ ಹೊತ್ತಾಯಿತು ಅಂತ ಹೊರಟಳು.

ಮೊಮ್ಮಗಳು ಹಾಸಿಗೆಯ ಅಂಚಿನಲ್ಲಿ ಕೂತಳು.

"ಹಿತ್ತಲಿಗೆ ಯಾಕೆ ಹೋಗ್ಲಿಲ್ಲ ಅಪ್ಪ?"

"ಅಲ್ಲಿ ನಿಂತ್ರೆ ಅಂಗಿಗೆ ಹೊಗೆ ಹತ್ತುತ್ತೆ. ನೀನು ಯಾವತ್ತಾದ್ರೂ ಬಂದ್ರೆ ಅಂತ."

"ಹೇಳಬಹುದಿತ್ತಲ್ಲ."

"ಹೇಳಿದ್ದೆ."

ಅಷ್ಟೇ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲಾಗುತ್ತಿರಲಿಲ್ಲ. ಸೊಸೆ ಎದ್ದು ಒಲೆಯ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಒಲೆ ಆರಿತ್ತು.

"ವಾಪಸು ಬಂದುಬಿಡು," ಅಂದೆ ನಾನು. "ಎಲ್ಲ ಗೊತ್ತಾಯ್ತಲ್ಲ."

ಮೊಮ್ಮಗಳು ಮಗುವಿನ ಕೂದಲು ಸರಿಮಾಡಿದಳು. "ಆಗಲ್ಲ ಅಜ್ಜಿ. ಅಲ್ಲಿ ಹೊಲಿಗೆಗೆ ಕೂತಿದ್ದೀನಿ. ನಮ್ಮನೆಯವರ ಅಕ್ಕ ನನ್ನ ನಂಬ್ಕೊಂಡು ಕೆಲಸ ಒಪ್ಕೊಂಡಿದ್ದಾರೆ. ನಮ್ಮನೆಯವರೂ ಸಾಮಾನೆಲ್ಲ ಅಲ್ಲಿಗೇ ಸಾಗಿಸಿದ್ರು. ಬಿಟ್ಟು ಬಂದ್ರೆ ಏನಂತ ಹೇಳ್ಲಿ? ಅವತ್ತು ನಮ್ಮಪ್ಪ ಕದ್ದು ಸೇದ್ತಾನೆ ಅಂತ ಹೇಳಿ ಹೋದೋಳು ನಾನೇ." ಮಗುವಿನ ಅಂಗಿಯ ಗುಂಡಿ ಹಾಕಿದಳು. "ಬರ್ತಾ ಇರ್ತೀನಿ. ರಜೆ ದಿನ."

"ಬಾ," ಅಂದ ಮಗ. "ರಸ್ತೆ ಧೂಳು ಕಡಿಮೆಯಾದ್ಮೇಲೆ ಬಾ. ಮಗೂಗೆ ಆಗಲ್ಲ."

ಬಸ್ಸಿನ ಹೊತ್ತಾಯಿತು. ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಮಗುವಿಗೆ ಚಪ್ಪಲಿ ತೊಡಿಸಿದಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

"ಅಪ್ಪ, ಒಂದು ಕೇಳ್ಲಾ? ಈಗಲೂ ಬೇಕು ಅನ್ಸುತ್ತಾ?"

ಇಲ್ಲ ಅನ್ನುತ್ತಾನೆ ಅಂದುಕೊಂಡೆ. ಅವಳು ನೆಮ್ಮದಿಯಾಗಿ ಹೋಗಲಿ ಅಂತಾದರೂ.

"ಅನ್ಸುತ್ತೆ," ಅಂದ. "ದಿನಾ ಅನ್ಸುತ್ತೆ. ಊಟ ಆದ್ಮೇಲೆ. ಕೈ ಉರಿದಾಗ. ನೀನು ಬಸ್ಸು ಹತ್ತಿದ ಮೇಲೆ ತುಂಬಾ ಅನ್ಸುತ್ತೆ, ಅದು ಈಗಲೇ ಗೊತ್ತು."

ಅವಳು ಚೀಲ ಇಳಿಸಿದಳು. ಮಗುವನ್ನು ಎತ್ತಿ, ಪಟ್ಟಿಗೆ ತಾಗದ ಹಾಗೆ, ಅವನ ಎಡಗಡೆ ಕೂರಿಸಿದಳು. ತಾನೂ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಹೊರಗೆ ಬಸ್ಸು ಬಂದು ನಿಂತದ್ದು, ಹೊರಟದ್ದು ಕೇಳಿಸಿತು.

"ಇನ್ನೊಂದು ಬಸ್ಸು ಇದೆಯಾ ಅಜ್ಜಿ?"

"ಇದೆ," ಅಂದೆ. "ಅದೇ ಕೊನೇದು."